ಮೇಲ್ ಹೆಡರಿನಲ್ಲಿ ನನ್ನ ಸುಳಿವು ಕಡಿಮೆ ಮಾಡಿಕೊಂಡ ಬಗೆ

ಪ್ರತಿ ಮೇಲ್ ಜೊತೆ ಕಣ್ಣಿಗೆ ಬೀಳದೆ ಹೋಗುವ ವಿವರಗಳ ಸಾಲುಗಳೇ ಹೆಡರ್. ಹೆಡರ್ ಮತ್ತು ಪ್ರೈವಸಿ ಅಂದ ಕೂಡಲೇ ಎಲ್ಲರ ಕಣ್ಣು ಹೋಗುವುದು, ಕಳಿಸಿದ ಸಾಫ್ಟ್‌ವೇರಿನ ಹೆಸರು ಹೇಳುವ ‘ಯೂಸರ್-ಏಜೆಂಟ್’ ಅಥವಾ ‘ಎಕ್ಸ್-ಮೇಲರ್’ ಸಾಲಿನ ಮೇಲೆ. ನಾನೂ ಅಲ್ಲಿಂದಲೇ ಶುರು ಮಾಡಿದೆ. ಅದನ್ನು ತೆಗೆಯುವುದು ಸುಲಭ, ಆದರೆ ತೆಗೆದು ಸಿಗುವ ಲಾಭ ಕಡಿಮೆ. ಜಾಸ್ತಿ ಬಾಯಿಬಿಡುವ ಸಾಲುಗಳು ಬೇರೆಯೇ ಇವೆ.

ನನ್ನ ಒಂದು ಖಾತೆಯಿಂದ ಇನ್ನೊಂದಕ್ಕೆ ಮೇಲ್ ಕಳಿಸಿ, ಬಂದ ಕಡೆ ಅದರ ಸೋರ್ಸ್, ಅಂದರೆ ಹೆಡರ್ ಸಮೇತ ಮೂಲ ರೂಪ, ತೆರೆದೆ. ನಾನು ಬಳಸುವ ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಮಿನಲ್ಲಿ ಕಂಟ್ರೋಲ್ ಹಿಡಿದು ಯು ಒತ್ತಿದರೆ ಸಾಕು. ಜಿಮೇಲ್‌ನಲ್ಲಿ ‘ಶೋ ಒರಿಜಿನಲ್’ ಇದೆ. ‘ಸೆಂಟ್’ ಫೋಲ್ಡರ್ ನೋಡಿ ಪ್ರಯೋಜನವಿಲ್ಲ; ದಾರಿಯಲ್ಲಿ ಸರ್ವರ್‌ಗಳು ಸೇರಿಸಿದ್ದು ಅಲ್ಲಿ ಕಾಣುವುದೇ ಇಲ್ಲ.

‘ರಿಸೀವ್ಡ್’ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಪ್ರತಿ ಸರ್ವರ್ ತನ್ನ ಸಾಲನ್ನು ಮೇಲ್ಗಡೆ ಸೇರಿಸುತ್ತದೆ, ಹಾಗಾಗಿ ತೀರಾ ಕೆಳಗಿನದು ಕಳಿಸಿದವರ ಮಷೀನಿಗೆ ಹತ್ತಿರದ್ದು. ನನ್ನದರಲ್ಲಿ ಎರಡು ವಿಳಾಸ ಕೂತಿದ್ದವು. ಒಂದು 192.168ರಿಂದ ಶುರುವಾಗುವ, ಲೋಕಲ್ ನೆಟ್‌ವರ್ಕಿನ ಒಳಗಿನ ಐಪಿ (ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ). ಸರ್ವರ್ ಜೊತೆ ಮಾತು ಶುರು ಮಾಡುವಾಗ ‘ಹೆಲೋ’ ಹೇಳುತ್ತಾ ಥಂಡರ್‌ಬರ್ಡ್ ತಾನೇ ಒಪ್ಪಿಸಿದ್ದು ಅದು. ಇನ್ನೊಂದು, ಸರ್ವರ್ ಕಣ್ಣಿಗೆ ಬಿದ್ದ ಇಂಟರ್ನೆಟ್ ಐಪಿ. ಔಟ್‌ಲುಕ್ ಆದರೆ ಐಪಿ ಬದಲು ಕಂಪ್ಯೂಟರಿನ ಹೆಸರನ್ನೇ ಹೇಳಿಬಿಡುತ್ತದೆ. ಲ್ಯಾಪ್‌ಟಾಪಿಗೆ ತಮ್ಮದೇ ಹೆಸರಿಟ್ಟುಕೊಂಡವರು ಎಷ್ಟು ಜನ ಇದ್ದಾರೆ, ಅಲ್ವಾ?

ಒಳಗಿನ ಐಪಿಗೆ ಮದ್ದು ಥಂಡರ್‌ಬರ್ಡ್‌ನ ಕಾನ್ಫಿಗ್ ಎಡಿಟರ್‌ನಲ್ಲೇ ಇತ್ತು. ‘ಹೆಲೋ ಆರ್ಗ್ಯುಮೆಂಟ್’ ಸೆಟ್ಟಿಂಗಿಗೆ 127.0.0.1 (ಯಾವ ಕಂಪ್ಯೂಟರಾದರೂ ತನ್ನನ್ನೇ ಕರೆದುಕೊಳ್ಳುವ ವಿಳಾಸ) ಅನ್ನು ಚೌಕ ಬ್ರಾಕೆಟ್ಟಿನಲ್ಲಿ ಕೊಟ್ಟೆ. ಹೊರಗಿನ ಐಪಿಯನ್ನು ಬರೆಯುವುದು ಸರ್ವರ್, ಆದ್ದರಿಂದ ಅದನ್ನು ಅಲ್ಲೇ ಸರಿ ಮಾಡಬೇಕು. ನನ್ನದು ಸ್ವಂತ ಮೇಲ್ ಸರ್ವರ್, ಪೋಸ್ಟ್‌ಫಿಕ್ಸ್ ಎಂಬ ಸಾಫ್ಟ್‌ವೇರಿನದು. ‘ಹೆಡರ್ ಚೆಕ್ಸ್’ ಫೈಲಿನಲ್ಲಿ ‘ರಿಸೀವ್ಡ್’ ಸಾಲಿಗೆ ‘ಇಗ್ನೋರ್’ ಎಂದು ಬರೆದರೆ ಅದು ಹೋಗುತ್ತದೆ. ಆದರೆ ಇಡೀ ಸರ್ವರಿಗೆ ಇದನ್ನು ಹಾಕಬೇಡಿ. ಹೊರಗಿನಿಂದ ಬರುವ ಮೇಲಿನ ಜಾಡೂ ಅಳಿಸಿಹೋಗುತ್ತದೆ, ನಾಳೆ ಸ್ಪ್ಯಾಮ್ ಎಲ್ಲಿಂದ ಬಂತೆಂದು ಹುಡುಕಲು ಏನೂ ಉಳಿಯುವುದಿಲ್ಲ. ನಾನು 587 ಮತ್ತು 465 ಪೋರ್ಟುಗಳಲ್ಲಿ ಲಾಗಿನ್ ಆಗಿ ಕಳಿಸುವ ಮೇಲಿಗೆ ಮಾತ್ರ ಬೇರೆ ‘ಕ್ಲೀನಪ್’ ಸರ್ವಿಸ್ (ಪೋಸ್ಟ್‌ಫಿಕ್ಸ್‌ನಲ್ಲಿ ಹೆಡರ್ ತಿದ್ದುವ ಭಾಗ) ಇಟ್ಟು, ನಿಯಮವನ್ನು ಅದಕ್ಕಷ್ಟೇ ಕಟ್ಟಿದೆ. ಇನ್ನೊಂದು ವಿಷಯ: ತೆಗೆಯುವುದೇನಿದ್ದರೂ ಡಿಕಿಮ್ ಸಹಿ (ಮೇಲ್ ದಾರಿಯಲ್ಲಿ ಬದಲಾಗಿಲ್ಲ ಎಂದು ತೋರಿಸಲು ಸರ್ವರ್ ಹಾಕುವ ಡಿಜಿಟಲ್ ಸಹಿ) ಬೀಳುವ ಮೊದಲೇ ತೆಗೆಯಬೇಕು. ಸಹಿಯ ಪಟ್ಟಿಯಲ್ಲಿರುವ ಹೆಡರನ್ನು ಆಮೇಲೆ ಕಿತ್ತರೆ ಸಹಿ ಮುರಿಯುತ್ತದೆ. ಸ್ವಂತ ಸರ್ವರ್ ಇಲ್ಲದವರಿಗೆ, ತಮ್ಮ ಐಪಿ ಬದಲು ಬೇರೆ ಐಪಿ ತೋರಿಸುವ ವಿಪಿಎನ್ ಒಂದು ದಾರಿ.

ಇನ್ನು ಸಾಫ್ಟ್‌ವೇರ್ ಹೆಸರು. ಹಳೆಯ ಥಂಡರ್‌ಬರ್ಡ್ ‘ವಿಂಡೋಸ್ ಎನ್‌ಟಿ 10.0, ವಿನ್64, ಥಂಡರ್‌ಬರ್ಡ್/102.10.0’ ಅನ್ನುವಷ್ಟು ಪೂರ್ತಿ ಜಾತಕವನ್ನೇ ಕಳಿಸುತ್ತಿತ್ತು. ‘ಸೆಂಡ್‌ಯೂಸರ್‌ಏಜೆಂಟ್’ ಸೆಟ್ಟಿಂಗನ್ನು ಫಾಲ್ಸ್ ಮಾಡಿದೆ, ಸಾಲು ಮಾಯವಾಯಿತು. ಆದರೂ ಕೆಳಗೆ ಮೈಮ್ ಭಾಗಗಳನ್ನು (ಬರಹ, ಅಟ್ಯಾಚ್‌ಮೆಂಟ್ ಇತ್ಯಾದಿ) ಬೇರ್ಪಡಿಸುವ ಗೆರೆ ನೋಡಿದರೆ ಗೊತ್ತಿರುವವರಿಗೆ ಹೆಸರು ತಿಳಿದೇ ತಿಳಿಯುತ್ತದೆ. ಔಟ್‌ಲುಕ್ ಅಲ್ಲಿ ‘ನೆಕ್ಸ್ಟ್‌ಪಾರ್ಟ್’ ಎಂದು ಬರೆಯುತ್ತದೆ. ಆಪಲ್ ಮೇಲ್ ಅಂತೂ ತನ್ನ ಹೆಸರನ್ನೇ ಹಾಕುತ್ತದೆ. ಪ್ರತಿ ಮೇಲಿಗೂ ಸಿಗುವ ಬೇರೆ ಬೇರೆ ಗುರುತು, ‘ಮೆಸೇಜ್-ಐಡಿ’ಯದ್ದೂ ಇದೇ ಕಥೆ. ಪೈನ್ ಎಂಬ ಹಳೆಯ ಪ್ರೋಗ್ರಾಂ ಲಿನಕ್ಸ್‌ನಲ್ಲಿ ಓಡುತ್ತಿದ್ದರೆ ಐಡಿಯ ಶುರುವಿಗೇ ‘ಪೈನ್.ಎಲ್‌ಎನ್‌ಎಕ್ಸ್’ ಎಂದು ಇರುತ್ತಿತ್ತು. ಐಡಿಯನ್ನು ತೆಗೆಯಲು ಹೋಗಬೇಡಿ, ಉತ್ತರಗಳು ಒಂದರ ಕೆಳಗೊಂದು ಜೋಡಣೆಯಾಗುವುದು ಅದರಿಂದಲೇ. @ ಆದಮೇಲೆ ಮಷೀನಿನ ಹೆಸರು ಬರದಂತೆ ನೋಡಿಕೊಂಡರೆ ಸಾಕು.

‘ಡೇಟ್’ ಸಾಲನ್ನು ಯಾರೂ ಗಮನಿಸುವುದಿಲ್ಲ. ಅದರಲ್ಲಿ ಜಿಎಂಟಿಗಿಂತ ಎಷ್ಟು ಹೊತ್ತು ಮುಂದೆ ಎಂಬುದೂ ಇರುತ್ತದೆ. +0545 ಎಂದಿದ್ದರೆ ಅದು ನೇಪಾಳ, ಬೇರೆ ದೇಶವೇ ಇಲ್ಲ. ‘ಸ್ಯಾನಿಟೈಜ್ ಡೇಟ್ ಹೆಡರ್’ ಅನ್ನುವ ಸೆಟ್ಟಿಂಗ್ ಟ್ರೂ ಮಾಡಿದರೆ ಥಂಡರ್‌ಬರ್ಡ್ ಸಮಯವನ್ನು ಜಿಎಂಟಿಗೆ ತಿರುಗಿಸಿ, ಸೆಕೆಂಡುಗಳನ್ನೂ ಬಿಟ್ಟುಬಿಡುತ್ತದೆ. ಪ್ರಯಾಣದಲ್ಲಿರುವಾಗ ಎಲ್ಲಿದ್ದೇನೆ ಎಂದು ಸುಮ್ನೆ ಎಲ್ಲರಿಗೂ ಸಾರುವುದು ನನಗೆ ಇಷ್ಟವಿಲ್ಲ.

ನ್ಯೂಸ್‌ಗ್ರೂಪಿನಲ್ಲಿ (ಯೂಸ್‌ನೆಟ್ ಎಂಬ ಹಳೆಯ ಜಾಲದ ಸಾರ್ವಜನಿಕ ಚರ್ಚಾ ಗುಂಪು) ಎಚ್ಚರ ಇನ್ನೂ ಜಾಸ್ತಿ ಬೇಕು. ಮೇಲ್ ಒಬ್ಬರಿಗೆ ಹೋಗುತ್ತದೆ, ಅಲ್ಲಿ ಹಾಕಿದ್ದು ಸರ್ವರಿನಿಂದ ಸರ್ವರಿಗೆ ನಕಲಾಗುತ್ತಾ ಹೋಗುತ್ತದೆ. ಅಳಿಸಿ ಎಂದು ಕೇಳುವ ‘ಕ್ಯಾನ್ಸಲ್’ ಸಂದೇಶ ಕಳಿಸಿದರೂ ಮಾತು ಕೇಳುವ ಸರ್ವರ್ ಕಡಿಮೆ. 2001ರಲ್ಲಿ ಗೂಗಲ್, ಡೇಜಾ ಎಂಬ ಕಂಪನಿ ಕೂಡಿಟ್ಟಿದ್ದ ಹಳೆಯ ನ್ಯೂಸ್‌ಗ್ರೂಪ್ ಪೋಸ್ಟುಗಳ ಸಂಗ್ರಹವನ್ನು ಕೊಂಡಿತು. 2024ರ ಫೆಬ್ರವರಿಯಲ್ಲಿ ಹೊಸ ಪೋಸ್ಟ್ ನಿಲ್ಲಿಸಿದರೂ ಹಳೆಯದನ್ನು ಉಳಿಸಿಕೊಂಡಿತು. ಬರೆದವರ ಐಪಿಯನ್ನು ತೆರೆದಿಡುತ್ತಿದ್ದ ‘ಎನ್‌ಎನ್‌ಟಿಪಿ-ಪೋಸ್ಟಿಂಗ್-ಹೋಸ್ಟ್’ ಸಾಲು ಹಳೆಯ ಪೋಸ್ಟುಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಈಗ ಅದರ ಜಾಗದಲ್ಲಿ ‘ಇಂಜೆಕ್ಷನ್-ಇನ್ಫೋ’ ಇದೆ, ಕೆಲವು ಸರ್ವರ್‌ಗಳು ಅದರಲ್ಲಿ ಐಪಿಯನ್ನು ಗುಟ್ಟಾಗಿಡುತ್ತವೆ. ಇದು ನಮ್ಮ ಕೈಯಲ್ಲಿಲ್ಲ. ನಾನು ಸರ್ವರ್ ಆರಿಸಿದ್ದು ಅದರ ಟೆಸ್ಟ್ ಗ್ರೂಪಿಗೆ ಒಂದು ಪೋಸ್ಟ್ ಹಾಕಿ, ಹೆಡರ್ ಓದಿದ ಮೇಲೆಯೇ.

ಕೆಲವರು ತಮಾಷೆಯ ಸುಳ್ಳು ಯೂಸರ್-ಏಜೆಂಟ್ ಹಾಕಿಕೊಳ್ಳುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ. ಜಗತ್ತಿನಲ್ಲಿ ನೀವೊಬ್ಬರೇ ಬಳಸುವ ಹೆಸರಿದ್ದರೆ, ವಿಳಾಸ ಬದಲಿಸಿದರೂ ಜನ ಗುರುತು ಹಿಡಿಯುತ್ತಾರೆ. ನ್ಯೂಸ್‌ಗ್ರೂಪ್ ಪೋಸ್ಟಿನ ನಿಯಮ ಬರೆದಿರುವ ಇಂಟರ್ನೆಟ್ ದಾಖಲೆ, ಆರ್‌ಎಫ್‌ಸಿ 5536, ಯೂಸರ್-ಏಜೆಂಟ್ ಸಾಲಿಗೆ ಕೊಡುವ ಕಾರಣ, ಅಂಕಿಅಂಶ ಮತ್ತು ನಿಯಮ ಮುರಿಯುವ ಸಾಫ್ಟ್‌ವೇರ್ ಪತ್ತೆ. ಆ ಮಾತಿನಲ್ಲಿ ಹುರುಳಿದೆ. ಹಾಗಾಗಿ ಥಂಡರ್‌ಬರ್ಡಿನ ಬಗ್ಗೆಯೇ ದೂರು ಬರೆಯುವ ಪ್ರೊಫೈಲಿನಲ್ಲಿ ಆ ಸಾಲನ್ನು ಹಾಗೇ ಬಿಟ್ಟಿದ್ದೇನೆ. ವರ್ಷನ್ ಯಾವುದೆಂದು ದೂರು ಓದುವವರು ಮತ್ತೆ ಕೇಳಿ ಬರೆಯುವ ಕೆಲಸ ತಪ್ಪುತ್ತದೆ.