ಹಳೆ ಪ್ಲೇನಿಂಗ್ ಮಷಿನ್ ತಗೊಳ್ಳುವಾಗ ಏನೇನು ನೋಡಬೇಕು

ಮನೆ ಹಿಂದಿನ ಶೆಡ್‌ನಲ್ಲಿ ಮರಗೆಲಸ ಮಾಡುವವರಿಗೆ ಕೈಯಲ್ಲಿ ಹಿಡಿದು ಮರ ಹೆರೆಯುವ ಪ್ಲೇನರ್ ಬಹಳ ದಿನ ಸಾಲುವುದಿಲ್ಲ. ತೊಟ್ಟಿ ಮನೆ ಕೆಡವಿದಾಗ ಸಿಗುವ ತೇಗ, ಹೊನ್ನೆ ತೊಲೆಗಳನ್ನು ಸೀಳಿಸಿ ತಂದು ಎಲ್ಲ ಹಲಗೆಯನ್ನೂ ಒಂದೇ ದಪ್ಪಕ್ಕೆ ತರಬೇಕು ಅಂದರೆ ಬೀಡಿನ (ಎರಕದ ಕಬ್ಬಿಣದ) ದೊಡ್ಡ ಮಷಿನ್ನೇ ಬೇಕು. ಹೊಸದಕ್ಕೆ ದುಡ್ಡು ಜಾಸ್ತಿ. ಹಳೆಯದಕ್ಕೆ ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕಡೆಯ ಶೆಡ್‌ಗಳಲ್ಲಿ, ಮಂಡ್ಯದವರಾದರೆ ತೂಬಿನಕೆರೆ ಕಡೆ ವಿಚಾರಿಸಿ ನೋಡಿ. ಅದಕ್ಕಿಂತ ಒಳ್ಳೆ ದಾರಿ ಅಂದರೆ ಪ್ಲೇನರ್ ಬ್ಲೇಡ್‌ಗೆ ಸಾಣೆ ಹಿಡಿಯುವವರನ್ನು ಕೇಳುವುದು. ಯಾರ ಮಷಿನ್ ಹೇಗಿದೆ, ಯಾರು ಮಾರುತ್ತಿದ್ದಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಮೋಟಾರು, ಬೆಲ್ಟು, ಬೇರಿಂಗು, ಬ್ಲೇಡು ಇವೆಲ್ಲ ಬದಲಾಯಿಸಬಹುದು. ಹಲಗೆ ಕೂರುವ ಬೆಡ್, ಬ್ಲೇಡ್ ಹಿಡಿದು ತಿರುಗುವ ಕಟರ್ ಬ್ಲಾಕ್ ಕೆಟ್ಟಿದ್ದರೆ ಆ ಮಷಿನ್ ಗುಜರಿಗೇ ಸರಿ. ಆದರೆ ನೋಡಲು ಹೋದವರು ಮೋಟಾರಿನ ಸದ್ದು ಕೇಳಿ, ಹೊಸ ಬಣ್ಣ ನೋಡಿ ಅಡ್ವಾನ್ಸ್ ಕೊಟ್ಟು ಬರುತ್ತಾರೆ. ಹಾಗೆ ಮಾಡಬೇಡಿ.

ಹೋಗುವ ಮುಂಚೆ ಕರೆಂಟಿನ ವಿಷಯ ಇತ್ಯರ್ಥ ಮಾಡಿಕೊಳ್ಳಿ. ಇಂಥ ಮಷಿನ್‌ಗಳು ಹೆಚ್ಚಾಗಿ ತ್ರೀ ಫೇಸ್, ನಮ್ಮ ಮನೆಗಳಲ್ಲಿ ಇರುವುದು ಹೆಚ್ಚಾಗಿ ಸಿಂಗಲ್ ಫೇಸ್. ಮೋಟಾರಿನ ಪ್ಲೇಟ್ ಓದಿ. ಮೂರು ಎಚ್‌ಪಿ ಒಳಗಿದ್ದು, 415 ವೋಲ್ಟ್ ಸ್ಟಾರ್ (ಮೋಟಾರಿನ ವೈರ್ ಜೋಡಿಸುವ ಒಂದು ಬಗೆ) ಅಂತ ಬರೆದಿದ್ದು, ಆರೂ ವೈರ್ ಹೊರಗೆ ಬಂದಿದ್ದರೆ, ಎಲೆಕ್ಟ್ರಿಷಿಯನ್ ಕೈಲಿ ಡೆಲ್ಟಾ (ಜೋಡಿಸುವ ಇನ್ನೊಂದು ಬಗೆ) ಮಾಡಿಸಿ, ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿ ಮೋಟಾರಿಗೆ ಕೊಡುವ ವಿಎಫ್‌ಡಿ ಪೆಟ್ಟಿಗೆ ಹಾಕಿ ಓಡಿಸಬಹುದು. 415 ಡೆಲ್ಟಾ ಅಂತಿದ್ದರೆ ಅದು ಆಗುವುದಿಲ್ಲ. ಆಗ ನಮ್ಮ ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ನಿಂದ ತ್ರೀ ಫೇಸ್ ತಗೊಳ್ಳಬೇಕು, ಇಲ್ಲ ಮೋಟಾರನ್ನೇ ಬದಲಾಯಿಸಬೇಕು. ಮೂರು ಎಚ್‌ಪಿ ಸಿಂಗಲ್ ಫೇಸ್ ಮೋಟಾರು 15 ಆಂಪ್ಸ್ ಆಸುಪಾಸು ಎಳೆಯುತ್ತದೆ, ಸ್ಟಾರ್ಟ್ ಆಗುವಾಗ ಅದರ ಹಲವು ಪಟ್ಟು. ಗೀಸರ್ ಪಾಯಿಂಟಿಗೆ ಸಿಕ್ಕಿಸುವ ಕೆಲಸ ಅಲ್ಲ, ಬೇರೆ ವೈರು, ಬೇರೆ ಎಂಸಿಬಿ ಬೇಕು. ಹಳ್ಳಿಯಲ್ಲಿರುವವರು ಪಂಪ್‌ಸೆಟ್ ಲೈನಿಂದ ಎಳೆಯುವ ಯೋಚನೆಯನ್ನೂ ಬಿಡಿ, ಅದು ಕೃಷಿಗೆ ಮಾತ್ರ ಕೊಟ್ಟ ಕರೆಂಟು.

ಈಗ ಮಷಿನ್ ಮುಂದೆ ನಿಂತಿದ್ದೀರಿ. ಮೇನ್ ಆಫ್ ಮಾಡಿಸಿ. ನೆಟ್ಟಗಿರುವ ಒಂದು ಉಕ್ಕಿನ ಪಟ್ಟಿ ತಗೊಂಡು ಹೋಗಿರಿ. ಅದನ್ನು ಬೆಡ್ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಬಿಡಿ. ಕೆಳಗೆ ಬೆಳಕು ಧಾರಾಳವಾಗಿ ಬಂದರೆ ಬೆಡ್ ಸವೆದಿದೆ ಅಂತ ಅರ್ಥ. ಬೆಡ್ಡಿನ ಅಡಿಯೂ ನೋಡಿ. ಬೀಡು ಬಿರುಕು ಬಿಟ್ಟರೆ ವೆಲ್ಡಿಂಗ್ ಮಾಡಿ ಬಣ್ಣ ಬಳಿದಿರುತ್ತಾರೆ, ಬಣ್ಣದ ಕೆಳಗೆ ಉಬ್ಬಿದ ಗೆರೆ ಕೈಗೆ ಸಿಗುತ್ತದೆ.

ಕಟರ್ ಬ್ಲಾಕ್ ದುಂಡಗಿರಬೇಕು. ತುಂಬಾ ಹಳೆಯ ಮಷಿನ್‌ಗಳಲ್ಲಿ ಚೌಕದ ಬ್ಲಾಕ್ ಇರುತ್ತದೆ. ಅದು ಕೈ ಒಳಗೆಳೆದುಕೊಂಡರೆ ಗಾಯ ಬಹಳ ಆಳ. ಪುಕ್ಕಟೆ ಕೊಟ್ಟರೂ ಬೇಡ. ಬ್ಲೇಡ್ ಬಿಗಿಯುವ ಬೋಲ್ಟ್‌ಗಳ ಥ್ರೆಡ್ ತಿಂದುಹೋಗಿದ್ದರೂ ಅಷ್ಟೇ, ಓಡುವಾಗ ಬ್ಲೇಡ್ ಹಾರಿಬರುತ್ತದೆ. ಬೆಲ್ಟ್ ಕಳಚಿಸಿ ಪುಲ್ಲಿಯನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ಗರಗರ ಅಂದರೆ ಬೇರಿಂಗ್ ಹೋಗಿದೆ, ಅದು ಬದಲಾಯಿಸುವಂಥದ್ದು, ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ.

ಆಮೇಲೆ ಓಡಿಸಿ ನೋಡಿ. ಅವರು ಕೊಟ್ಟ ಹಲಗೆ ಬೇಡ. ಅರ್ಧ ಅಡಿ ಅಗಲ, ಎರಡು ಅಡಿ ಉದ್ದದ ಒಣಗಿದ ಗಟ್ಟಿ ಮರ ನೀವೇ ಒಯ್ಯಿರಿ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಿಟ್ಟು, ಹೊರಗೆ ಬಂದ ಹಲಗೆಯನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಉದ್ದಕ್ಕೂ ದಾರದಂಥ ಉಬ್ಬು ಗೆರೆ ಇದ್ದರೆ ಬ್ಲೇಡಿನ ಅಂಚು ಒಂದು ಕಡೆ ಮುರಿದಿದೆ, ಸಾಣೆ ಹಿಡಿಸಿದರೆ ಹೋಗುತ್ತದೆ. ಅಡ್ಡಡ್ಡ ಅಲೆ ಎದ್ದಿದ್ದರೆ ಒಂದು ಬ್ಲೇಡ್ ಉಳಿದವಕ್ಕಿಂತ ಮೇಲೆ ಕೂತಿದೆ, ಸೆಟ್ ಮಾಡಿದರೆ ಹೋಗುತ್ತದೆ. ಮಧ್ಯದಲ್ಲೇ ಹಲಗೆ ನಿಂತು ಸುಟ್ಟ ಕಲೆ ಬಿದ್ದರೆ ಹಲಗೆಯನ್ನು ಒಳಗೆಳೆಯುವ ರೋಲರ್ ಹಿಡಿಯುತ್ತಿಲ್ಲ, ಸ್ಪ್ರಿಂಗ್ ಮತ್ತು ಚೈನ್ ನೋಡಿ. ನಾಲ್ಕೂ ಮೂಲೆ ವರ್ನಿಯರ್‌ನಲ್ಲಿ ಅಳೆಯಿರಿ. ಒಂದು ಅಂಚು ದಪ್ಪ, ಇನ್ನೊಂದು ತೆಳು ಬಂದು, ಅಲ್ಲೇ ಬೆಡ್ ಸರಿಮಾಡಿ ತೋರಿಸಿ ಅಂದಾಗ ಮಾರುವವರು ನಾಳೆ ಅಂದರೆ ಆ ಮಷಿನ್ ಬಿಟ್ಟು ಬನ್ನಿ.

ಸಾಗಿಸುವುದಕ್ಕೆ ಹೆಚ್ಚಾಗಿ ಟಾಟಾ ಏಸ್ ಸಾಕು, ಆದರೆ ಹತ್ತಿಸಲು ಇಳಿಸಲು ಚೈನ್ ಪುಲ್ಲಿ ಬೇಕೇ ಬೇಕು. ಹಗ್ಗ ಕೆಳಗಿನ ಬಾಡಿಗೆ ಕಟ್ಟಿಸಿ, ಬೆಡ್‌ಗೆ ಕಟ್ಟಿದರೆ ಅದೇ ವಾಲುತ್ತದೆ.

ತಂದ ಮೇಲೆ ಗಾರ್ಡ್ ಇಲ್ಲದೆ ಓಡಿಸಬೇಡಿ, ಕೈಗೆ ಗ್ಲೌಸ್ ಹಾಕಬೇಡಿ, ಪಂಚೆ ಉಟ್ಟು ನಿಲ್ಲಬೇಡಿ. ಎರಡು ರೋಲರ್‌ಗಳ ನಡುವಿನ ಅಂತರಕ್ಕಿಂತ ಗಿಡ್ಡ ತುಂಡನ್ನು ಒಳಗೆ ಬಿಡಲೇಬಾರದು, ಅದು ಬ್ಲಾಕ್ ಕೆಳಗೆ ಸಿಕ್ಕಿ ಚೂರಾಗಿ ಹಾರುತ್ತದೆ. ಹಳೆ ತೊಲೆಯ ಹಲಗೆಯಾದರೆ ಮೊದಲು ಅಯಸ್ಕಾಂತ ಆಡಿಸಿ ಮೊಳೆ ಕಿತ್ತುಬಿಡಿ.