ಮನೆಯಲ್ಲಿ ಓದಿಕೊಳ್ಳಿ ಎಂದು ದಾಟಿಸಿದ ಪಾಠ

ಎಂಟನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಹದಿಹರೆಯದ ಬಗ್ಗೆ ಒಂದು ಪಾಠವಿದೆ. ಸರ್ಕಾರಿ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರಾಗಿದ್ದೂ ಎಷ್ಟೋ ವರ್ಷ ನಾನು ಅದನ್ನು ಮಾಡಲೇ ಇಲ್ಲ. "ಸುಲಭವಿದೆ, ಮನೆಯಲ್ಲಿ ಓದಿಕೊಳ್ಳಿ" ಎಂದು ಹೇಳಿ ಬಲ ಮತ್ತು ಒತ್ತಡದ ಪಾಠಕ್ಕೆ ಹಾರುತ್ತಿದ್ದೆ.

ಒಂದು ವರ್ಷದ ಕೊನೆಗೆ ಮಕ್ಕಳಿಂದ ವಾಪಸ್ ಪಡೆದ ಹಳೆಯ ಪುಸ್ತಕಗಳನ್ನು ಬೀರುವಿನಲ್ಲಿ ಜೋಡಿಸುತ್ತಿದ್ದೆ. ಮುಚ್ಚಿದ ಪುಸ್ತಕದ ಅಂಚಿನಲ್ಲಿ ಒಂದು ಕಡೆ ಕಪ್ಪು ಗೆರೆ ಕಾಣಿಸಿತು. ಬಿಚ್ಚಿದರೆ ಅದೇ ಪಾಠ. ಬೆರಳಿನ ಜಿಡ್ಡು ಹತ್ತಿತ್ತು, ಮೂಲೆ ಮುದುಡಿತ್ತು, ಚಿತ್ರಗಳ ಮೇಲೆ ಪೆನ್ಸಿಲಿನಲ್ಲಿ ಗೀಚಿ ಅಳಿಸಿದ ಗುರುತುಗಳಿದ್ದವು. ಇನ್ನೊಂದು ಪುಸ್ತಕ ತೆಗೆದೆ, ಅದರಲ್ಲೂ ಹಾಗೆಯೇ. ನಾನು ಗಂಟಲು ಹರಿದುಕೊಂಡು ಕಲಿಸಿದ ಯಾವ ಪಾಠದ ಹಾಳೆಯೂ ಅಷ್ಟು ಸವೆದಿರಲಿಲ್ಲ.

ಮುಂದಿನ ವರ್ಷ ಮಾಡಿಯೇ ತೀರಬೇಕೆಂದು, ಮೊದಲು ಪೋಷಕರ ಸಭೆಯಲ್ಲಿ ವಿಷಯ ತೆಗೆದೆ. ಭಯವಿತ್ತು. 2007ರಲ್ಲಿ ಕೇಂದ್ರದ ಹದಿಹರೆಯ ಶಿಕ್ಷಣ ಕಾರ್ಯಕ್ರಮಕ್ಕೆ ವಿರೋಧ ಎದ್ದು, ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಅದನ್ನು ತಡೆಹಿಡಿದಿದ್ದವು. ಆಗ ನಾನು ಕೆಲಸಕ್ಕೆ ಹೊಸಬ. ಆ ಗದ್ದಲ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಸಭೆಯಲ್ಲಿ ಒಬ್ಬರು ಎದ್ದು, "ಮೇಷ್ಟ್ರೇ, ಇದನ್ನೆಲ್ಲ ಹೇಳಿಕೊಟ್ಟರೆ ಮಕ್ಕಳಿಗೆ ಇಲ್ಲದ ಯೋಚನೆ ಬರುತ್ತದೆ. ಮನೆಯಲ್ಲಿ ನಾವೇ ಹೇಳುತ್ತೇವೆ" ಎಂದರು. ಆಗಲಿ, ನಿಮ್ಮಲ್ಲಿ ಯಾರು ಯಾರು ಹೇಳಿದ್ದೀರಿ ಎಂದು ಕೇಳಿದೆ. ಎಲ್ಲರೂ ಫ್ಯಾನ್ ನೋಡಿದರು.

ನಮ್ಮ ಮನೆಗಳ ಚೋದ್ಯವೇ ಇದು. ಹುಡುಗಿ ಮೈನೆರೆದರೆ ಸೋದರಮಾವ ತೆಂಗಿನ ಗರಿಯ ಗುಡಿಸಲು ಹಾಕುತ್ತಾನೆ. ಆರತಿ ಎತ್ತುತ್ತಾರೆ, ಚಿಗಳಿ ತಿನ್ನಿಸುತ್ತಾರೆ, ಬೀದಿಗೆಲ್ಲ ಗೊತ್ತಾಗುತ್ತದೆ. ಮೈಯೊಳಗೆ ಏನಾಯಿತು ಎಂಬುದನ್ನು ಆ ಹುಡುಗಿಗೆ ಮಾತ್ರ ಯಾರೂ ಹೇಳುವುದಿಲ್ಲ. ನಾವೇನು ಕಡಿಮೆ? ಶಾಲೆಯಲ್ಲಿ ಸರ್ಕಾರದ ಶುಚಿ ಯೋಜನೆಯ ಪ್ಯಾಡ್ ಹಂಚುವ ದಿನ ಹುಡುಗರನ್ನು ಮೈದಾನಕ್ಕೆ ಅಟ್ಟುತ್ತಿದ್ದೆವು.

ನಾನು ಮಾಡಿದ್ದು ದೊಡ್ಡದೇನಲ್ಲ. ಸೀಮೆಸುಣ್ಣದ ಖಾಲಿ ಡಬ್ಬಕ್ಕೆ ಸೀಳು ಮಾಡಿ ಕಿಟಕಿಯ ಮೇಲಿಟ್ಟು, ಹೆಸರು ಬರೆಯದೆ ಪ್ರಶ್ನೆ ಹಾಕಿ ಎಂದೆ. ಮೊದಲ ದಿನ ಬಂದದ್ದು ಎರಡು ಚಾಕೊಲೇಟ್ ಕಾಗದ. ಆಮೇಲೆ ಎಲ್ಲರೂ ಚೀಟಿ ಹಾಕಲೇಬೇಕು, ಪ್ರಶ್ನೆಯಿಲ್ಲದವರು ಖಾಲಿ ಚೀಟಿ ಹಾಕಿ ಎಂದು ನಿಯಮ ಮಾಡಿದೆ. ಯಾರು ಬರೆದರು, ಯಾರು ಬರೆಯಲಿಲ್ಲ ಎಂಬುದು ತಿಳಿಯದಂತಾಯಿತು, ಡಬ್ಬ ತುಂಬಿತು. ಮುಟ್ಟಾದವರು ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆಯೇ? ಹುಡುಗರ ದನಿ ಯಾಕೆ ಒಡೆಯುತ್ತದೆ? ಹುಡುಗರಿಗೆ ಯಾಕೆ ಪ್ಯಾಡ್ ಕೊಡುವುದಿಲ್ಲ? ಇದನ್ನು ಕೇಳಿದವನು ತಮಾಷೆ ಮಾಡಿರಲಿಲ್ಲ. ಮೂಗಿನಿಂದ ರಕ್ತ ಬಂದರೆ ಹಾಕುವುದೆಂದು ತಿಳಿದಿದ್ದ.

ಮಡಚಿ ಮಡಚಿ ಗುಳಿಗೆಯಷ್ಟು ಚಿಕ್ಕದು ಮಾಡಿದ ಒಂದು ಚೀಟಿ ಇತ್ತು. "ರಾತ್ರಿ ನಿದ್ದೆಯಲ್ಲಿ ಚಡ್ಡಿ ಒದ್ದೆಯಾಗುತ್ತದೆ. ಮೂತ್ರವಲ್ಲ. ನನಗೆ ಏಡ್ಸ್ ಬಂದಿದೆಯಾ ಸರ್? 300 ರೂಪಾಯಿ ಇದೆ, ಸಾಕಾಗುತ್ತದೆಯಾ?" ಸಾಕಾಗುತ್ತದೆಯಾ ಎಂದರೇನೆಂದು ನನಗೆ ತಕ್ಷಣ ಹೊಳೆಯಲಿಲ್ಲ. ಸಂಜೆ ಬಸ್ ನಿಲ್ದಾಣದ ಗೋಡೆಯಲ್ಲಿ ಗುಪ್ತರೋಗ ಚಿಕಿತ್ಸೆಯ ಜಾಹೀರಾತು ನೋಡಿದಾಗ ಅರ್ಥವಾಯಿತು. ಮರುದಿನ ಹುಡುಗರು, ಹುಡುಗಿಯರು ಎಲ್ಲರ ಮುಂದೆಯೇ ಹೇಳಿದೆ: ಅದಕ್ಕೆ ಸ್ವಪ್ನಸ್ಖಲನ ಎನ್ನುತ್ತಾರೆ, ಈ ವಯಸ್ಸಿನಲ್ಲಿ ಸಹಜ, ಅದು ರೋಗವಲ್ಲ, ಶಕ್ತಿಯೂ ಹೋಗುವುದಿಲ್ಲ, ಒಂದು ಪೈಸೆಯೂ ಖರ್ಚು ಮಾಡಬೇಕಾಗಿಲ್ಲ. ಹಿಂದಿನ ಬೆಂಚುಗಳಲ್ಲಿ ಒಬ್ಬನಲ್ಲ, ನಾಲ್ಕೈದು ಜನ ತಲೆ ಎತ್ತಿದರು.

ಮಗು ಗಂಡೋ ಹೆಣ್ಣೋ ಎಂದು ತೀರ್ಮಾನಿಸುವ ವರ್ಣತಂತುಗಳ ಬಗ್ಗೆ ಹೇಳಿದ ದಿನ ಮಾತ್ರ ಪೇಚಿಗೆ ಸಿಕ್ಕಿದೆ. ತಾಯಿಯ ಅಂಡದಲ್ಲಿರುವುದು ಎಕ್ಸ್ ಒಂದೇ. ತಂದೆಯ ವೀರ್ಯಾಣುವಿನಲ್ಲಿ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು ಎಂದು ಬೋರ್ಡಿನ ಮೇಲೆ ಬರೆದೆ. ನಾಲ್ಕು ಹೆಣ್ಣುಮಕ್ಕಳ ಮನೆಯ ಹುಡುಗಿಯೊಬ್ಬಳು ಅದನ್ನು ಮನೆಗೆ ಒಯ್ದು, ಸೊಸೆಗೆ ಬೈಯುತ್ತಿದ್ದ ಅಜ್ಜಿಗೆ ಚಿತ್ರ ಸಮೇತ ವಿವರಿಸಿದಳು. ಮಾರನೆಯ ದಿನ ಅವಳ ತಂದೆ ಶಾಲೆಗೆ ಬಂದು, "ನಮ್ಮ ಮನೆ ವಿಚಾರ ನಿಮಗೇಕೆ ಮೇಷ್ಟ್ರೇ?" ಎಂದರು. ಪುಸ್ತಕ ತೆಗೆದು ಪುಟ ತೋರಿಸಿದೆ. ಸರ್ಕಾರವೇ ಅಚ್ಚು ಹಾಕಿಸಿದೆಯಲ್ಲ, ಪಾಪ, ಯಾರೊಂದಿಗೆ ಜಗಳವಾಡಬೇಕೆಂದು ತಿಳಿಯದೆ ಹೋದರು.

ಕೆಲವು ಚೀಟಿಗಳನ್ನು ತರಗತಿಯಲ್ಲಿ ಓದುವಂತಿರಲಿಲ್ಲ. ಅಂಥವು ಬಂದಾಗ, ಕೊನೆಯ ಪೀರಿಯಡ್‌ನಲ್ಲಿ ನಾನು ಮತ್ತು ಹಿಂದಿ ಮೇಡಂ ಪ್ರಯೋಗಾಲಯದಲ್ಲಿ ಕೂತಿರುತ್ತೇವೆ, ಯಾರು ಬೇಕಾದರೂ ಬರಬಹುದು ಎಂದಷ್ಟೇ ಹೇಳಿದೆ. ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದು ಅಳಿಸದೆ ಬಿಟ್ಟೆವು. 2012ರ ಪೋಕ್ಸೋ ಕಾಯ್ದೆಯ ಪ್ರಕಾರ, ಹದಿನೆಂಟರೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದದ್ದು ತಿಳಿದರೆ ವರದಿ ಮಾಡಲೇಬೇಕು, ಮುಚ್ಚಿಡುವಂತಿಲ್ಲ. ಬಂದವರು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಆದರೆ "ಇದು ಮನೆಯವರ ಕೆಲಸ, ಶಾಲೆಗೇಕೆ?" ಎನ್ನುವವರ ಮುಂದೆ ನನಗೆ ನೆನಪಾಗುವುದು ಆ ಪ್ರಯೋಗಾಲಯದ ಬೆಂಚು. ಮನೆಯೊಳಗಿನವರಿಂದಲೇ ತೊಂದರೆಯಾಗುವ ಮಗು ಮನೆಯಲ್ಲಿ ಯಾರನ್ನು ಕೇಳಬೇಕು?

ಹಾಗೆಂದು ಮನೆಯವರು ಕೈ ತೊಳೆದುಕೊಳ್ಳುವಂತಿಲ್ಲ. ಎಂಟನೆಯ ತರಗತಿ ಎಂದರೆ ತಡವೇ ಆಯಿತು. ನನ್ನ ಬಳಿಗೆ ಬರುವ ಹೊತ್ತಿಗೆ ಎಷ್ಟೋ ಹುಡುಗಿಯರಿಗೆ ಮುಟ್ಟು ಶುರುವಾಗಿರುತ್ತದೆ. ಆ ಮೊದಲ ಮಾತು ಅಮ್ಮನಿಂದಲೇ ಬರಬೇಕು, ಅದೂ ಐದನೆಯ ತರಗತಿಯೊಳಗೆ.

ಇಷ್ಟೆಲ್ಲ ಬರೆಯುವ ನನ್ನ ಮನೆಯ ಕಥೆಯನ್ನೂ ಹೇಳಬೇಕು. ಬೇರೆ ಶಾಲೆಗೆ ಹೋಗುವ ಹದಿಮೂರು ವರ್ಷದ ಮಗ ಒಂದು ರಾತ್ರಿ ಊಟಕ್ಕೆ ಕೂತಾಗ, ಕಾಂಡೋಮ್ ಎಂದರೇನು ಎಂದು ಕೇಳಿದ. ನಲವತ್ತು ಮಕ್ಕಳ ಮುಂದೆ ನಿಂತು ಮಾತನಾಡುವ ನಾನು, "ಮೊದಲು ಊಟ ಮಾಡು" ಎಂದೆ. ಹೆಂಡತಿ ನನ್ನ ಮುಖ ನೋಡಿ, ನಗು ತಡೆಯಲಾರದೆ ಸಾರು ತರಲು ಎದ್ದುಹೋದಳು. ಕೈ ತೊಳೆದ ಮೇಲೆ ಅವನನ್ನು ಮಹಡಿಗೆ ಕರೆದೊಯ್ದು, ನಿಮ್ಮ ಶಾಲೆಯಲ್ಲಿ ಹದಿಹರೆಯದ ಪಾಠ ಆಯಿತೇ ಎಂದು ಕೇಳಿದೆ.

"ಇಲ್ಲಪ್ಪ. ಮನೆಯಲ್ಲಿ ಓದಿಕೊಳ್ಳಿ ಅಂದರು."

ಕೆಳಗೆ ಹೋಗಿ ಪುಸ್ತಕ ತೆಗೆದುಕೊಂಡು ಬಾ ಎಂದೆ.