ಸಾಲದ ಕಾಗದದಲ್ಲಿ ಹೆಣ್ಣುಮಕ್ಕಳು ಎಲ್ಲಿದ್ದಾರೆ ಅಂತ ಹುಡುಕುವುದು ಹೇಗೆ?

ವಿಶ್ವಬ್ಯಾಂಕ್ ಸಾಲ ಅಂದ ಕೂಡಲೇ ಅದು ವಿಧಾನಸೌಧದ ವಿಷಯ, ನಮಗೇನು ಅಂತ ಸುಮ್ಮನಾಗಿಬಿಡುತ್ತೇವೆ. ಆದರೆ ಅದು ನಮ್ಮ ಮನೆ ಬಾಗಿಲಿಗೇ ಬರುವ ವಿಷಯ. 1998ರ ಹೊತ್ತಿಗೆ ನಮ್ಮಲ್ಲಿ ಶುರುವಾದ ಸ್ವಶಕ್ತಿ ಮಹಿಳಾ ಸಂಘಗಳು ನೆನಪಿವೆಯಲ್ವಾ? ಅದರ ಹಿಂದೆ ವಿಶ್ವಬ್ಯಾಂಕ್ ಮತ್ತು ಐಫ್ಯಾಡ್ (ವಿಶ್ವಸಂಸ್ಥೆಯ ಕೃಷಿ ಅಭಿವೃದ್ಧಿ ನಿಧಿ) ಸಾಲ ಇತ್ತು. 2023ರಲ್ಲಿ ಕರ್ನಾಟಕದ ಹಳ್ಳಿಗಳ ಕುಡಿಯುವ ನೀರಿಗೆ ವಿಶ್ವಬ್ಯಾಂಕ್ 36.3 ಕೋಟಿ ಡಾಲರ್ ಸಾಲ ಒಪ್ಪಿತು, ಗುರಿ 20 ಲಕ್ಷ ಮನೆ. ನೀರು ಹೊರುವವರು ಯಾರು ಅಂತ ನಾನು ಹೇಳಬೇಕಾಗಿಲ್ಲ. ಹಾಗಾಗಿ ಇಂಥ ಸಾಲದ ಕಾಗದ ಓದುವುದನ್ನು ಸಂಘದವರು, ಪಂಚಾಯ್ತಿ ಸದಸ್ಯೆಯರು ಕಲಿಯಲೇಬೇಕು.

ಮೊದಲು ಯಾವ ಬಗೆಯ ಸಾಲ ಅಂತ ನೋಡಿ. ಒಂದು ಬಗೆ ಕೆಲಸಕ್ಕೆ ಕೊಡುವುದು: ಪೈಪು, ಟ್ಯಾಂಕು, ತರಬೇತಿ, ಖರ್ಚಾದ ಹಾಗೆ ದುಡ್ಡು. ಇನ್ನೊಂದು ನೀತಿಗೆ ಕೊಡುವುದು. ಅದರಲ್ಲಿ ಸರ್ಕಾರ ಮೊದಲೇ ಒಂದು ಕಾನೂನನ್ನೋ ಆದೇಶವನ್ನೋ ಮಾಡಿರಬೇಕು, ಆಮೇಲೆ ದುಡ್ಡು ಸೀದಾ ಖಜಾನೆಗೆ ಹೋಗುತ್ತದೆ. ಅಲ್ಲಿ ದುಡ್ಡಿನ ಬೆನ್ನು ಹತ್ತಿದರೆ ಏನೂ ಸಿಗದು, ಆದೇಶದ ಬೆನ್ನು ಹತ್ತಿ. ಮೂರನೆಯದು 2012ರಿಂದ ಬಂದಿರುವ ಪ್ರೋಗ್ರಾಂ ಫಾರ್ ರಿಸಲ್ಟ್ಸ್. ಒಪ್ಪಿದ ಫಲಿತಾಂಶ ತೋರಿಸಿದರೆ ಮಾತ್ರ ಕಂತು ಬಿಡುಗಡೆ.

ಕಾಗದ ಸಿಗುವುದು ಕಷ್ಟವಲ್ಲ. ವಿಶ್ವಬ್ಯಾಂಕಿನ ಜಾಲತಾಣದಲ್ಲಿ ಪ್ರತಿ ಯೋಜನೆಗೂ ಒಂದು ಪುಟ ಇರುತ್ತದೆ. ಅದರಲ್ಲಿ ಅಪ್ರೈಸಲ್ ಡಾಕ್ಯುಮೆಂಟ್, ಅಂದರೆ ಸಾಲ ಒಪ್ಪುವ ಮೊದಲು ಯೋಜನೆಯನ್ನು ಪರಿಶೀಲಿಸಿ ಬರೆದ ವರದಿ, ಇಳಿಸಿಕೊಳ್ಳಿ. ನೂರಾರು ಪುಟ ಅಂತ ಹೆದರಬೇಡಿ, ಪೂರ್ತಿ ಓದುವುದೇನೂ ಬೇಡ. ಮುನ್ನುಡಿಯಲ್ಲಿ ಮಹಿಳೆ ಅನ್ನುವ ಪದ ಎಷ್ಟು ಸಲ ಬಂದಿದೆ ಅಂತ ಎಣಿಸುವವರಿದ್ದಾರೆ, ಅದರಿಂದ ಉಪಯೋಗವಿಲ್ಲ. ಸೀದಾ ರಿಸಲ್ಟ್ಸ್ ಫ್ರೇಮ್‌ವರ್ಕ್ ಅನ್ನುವ ಕೋಷ್ಟಕಕ್ಕೆ ಹೋಗಿ. ಯೋಜನೆ ಮುಗಿಯುವಾಗ ಯಾವ ಲೆಕ್ಕ ಒಪ್ಪಿಸಬೇಕು ಅಂತ ಅಲ್ಲಿ ಬರೆದಿರುತ್ತದೆ, ಅಧಿಕಾರಿಗಳು ಓಡಾಡುವುದೂ ಆ ಲೆಕ್ಕಕ್ಕಾಗಿಯೇ.

ಅಲ್ಲಿ ಹೆಂಗಸರ ಬಗ್ಗೆ ಇರುವ ಸಾಲು ಏನನ್ನು ಎಣಿಸುತ್ತದೆ? ಇದೊಂದನ್ನು ನಿಧಾನವಾಗಿ ನೋಡಿ. ಜಲಜೀವನ್ ಮಿಷನ್ ನಿಯಮದಲ್ಲಿ ಗ್ರಾಮ ನೀರು ಸಮಿತಿಯ ಅರ್ಧದಷ್ಟು ಸದಸ್ಯರು ಹೆಂಗಸರಿರಬೇಕು. ಒಳ್ಳೆಯದೇ. ನಾನು ಬಯಲುಸೀಮೆಯ ಒಂದು ಹಳ್ಳಿಯಲ್ಲಿ ಇಂಥ ಸಮಿತಿಯ ಸಭೆ ಪುಸ್ತಕ ತಿರುವಿ ಹಾಕುತ್ತಿದ್ದೆ. ಹೆಂಗಸರ ಹಾಜರಿ ಭರ್ತಿ. ಒಂದು ಹೆಬ್ಬೆಟ್ಟಿನ ಪಕ್ಕ ಕಾಗದ ದಪ್ಪಗೆ, ಬೆಳ್ಳಗೆ ಒಣಗಿತ್ತು. ಕೆರೆದು ನೋಡಿದರೆ ಹಿಟ್ಟು. ಆ ಅಕ್ಕನನ್ನೇ ಕೇಳಿದೆ. "ರೊಟ್ಟಿ ತಟ್ತಿದ್ದೆ, ಪುಸ್ತಕ ಒಲೆ ಹತ್ರಾನೇ ತಂದ್ರು, ಒತ್ತಿದೆ" ಅಂದರು. ಸಭೆ ಇದ್ದದ್ದು ಬೆಳಿಗ್ಗೆ 11ಕ್ಕೆ, ಅವರು ಕೂಲಿಗೆ ಹೊರಡುವ ಹೊತ್ತು. ಆ ಹೆಬ್ಬೆಟ್ಟು ಮೇಲಿನ ಲೆಕ್ಕಕ್ಕೆ ಒಬ್ಬ ಮಹಿಳೆ ಭಾಗವಹಿಸಿದ ಹಾಗೆ ಹೋಗುತ್ತದೆ. ನನಗೆ ಇವತ್ತಿಗೂ ಅದು ಸಂಕಟ. ಹಾಗಾಗಿ ಹಾಜರಿ ಎಣಿಸುವ ಸಾಲು ಕಂಡರೆ ಮುಂದಿನ ಪ್ರಶ್ನೆ ಕೇಳಿ: ಪಂಪಿನ ಬೀಗದ ಕೈ ಯಾರ ಹತ್ತಿರ ಇದೆ, ಚೆಕ್ಕಿಗೆ ಸಹಿ ಯಾರದ್ದು, ನೀರಗಂಟಿಯ ಸಂಬಳ ಹೆಂಗಸಿಗೆ ಸಿಕ್ಕಿದೆಯಾ?

ಕಾಗದದಲ್ಲಿ ಜೆಂಡರ್ ಟ್ಯಾಗ್, ಅಂದರೆ ಗಂಡು ಹೆಣ್ಣಿನ ನಡುವಿನ ಅಂತರ ಕಡಿಮೆ ಮಾಡುವ ಯೋಜನೆ ಅಂತ ವಿಶ್ವಬ್ಯಾಂಕ್ ಹಾಕುವ ಗುರುತು, ಇದೆ ಅಂತ ಬರೆದಿದ್ದರೆ ಮೂರು ಇರಬೇಕು. ತಾರತಮ್ಯ ಎಲ್ಲಿದೆ ಅನ್ನುವ ವಿಶ್ಲೇಷಣೆ, ಅದಕ್ಕೆ ತಕ್ಕ ಕೆಲಸ, ಆ ಕೆಲಸವನ್ನು ಅಳೆಯುವ ಸೂಚಕ. ಮೂರಕ್ಕೂ ಒಂದೇ ಎಳೆ ಇದೆಯಾ ನೋಡಿ. ಸಾಲ ಜಪಾನಿನ ಜೈಕಾ, ಫ್ರಾನ್ಸಿನ ಎಎಫ್‌ಡಿ ತರಹ ಬೇರೆ ದೇಶಗಳ ನೆರವು ಸಂಸ್ಥೆಗಳದ್ದಾದರೆ ಒಇಸಿಡಿಯ (ಶ್ರೀಮಂತ ದೇಶಗಳ ಆರ್ಥಿಕ ಒಕ್ಕೂಟ) ಅಂಕ ಇರುತ್ತದೆ: 2 ಅಂದರೆ ಲಿಂಗಸಮಾನತೆಯೇ ಮುಖ್ಯ ಗುರಿ, 1 ಅಂದರೆ ಹಲವು ಗುರಿಗಳಲ್ಲಿ ಒಂದು, 0 ಅಂದರೆ ಗುರಿಯೇ ಅಲ್ಲ. 1 ಮತ್ತು 2ನ್ನು ಒಟ್ಟಿಗೆ ಕೂಡಿಸಿ ಹೇಳುವ ದೊಡ್ಡ ಮೊತ್ತಗಳನ್ನು ಬಿಡಿಸಿ ನೋಡಿ.

ಆಮೇಲೆ ರಾಜ್ಯ ಬಜೆಟ್ಟಿನ ಜೊತೆ ಬರುವ ಮಹಿಳಾ ಉದ್ದೇಶಿತ ಆಯವ್ಯಯ ತೆಗೆಯಿರಿ. ಪೂರ್ತಿ ಹೆಂಗಸರಿಗೇ ಇರುವ ಯೋಜನೆಗಳು ಒಂದು ಪಟ್ಟಿಯಲ್ಲಿ, 30ರಿಂದ 99 ಶೇಕಡಾ ಇರುವವು ಇನ್ನೊಂದರಲ್ಲಿ. ಸಾಲದ ಯೋಜನೆ ಅಲ್ಲಿದೆಯಾ, ಇದ್ದರೆ ಯಾವ ಪಟ್ಟಿಯಲ್ಲಿ ಅಂತ ಹೋಲಿಸಿ.

ಹಳ್ಳಿ ಮಟ್ಟದ ಲೆಕ್ಕ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಆದ್ದರಿಂದ "ಪೂರ್ತಿ ಮಾಹಿತಿ ಕೊಡಿ" ಅಂತ ಬರೆಯಬೇಡಿ. ಇಂಥ ಪಂಚಾಯ್ತಿಯ ನೀರು ಸಮಿತಿಯ ಇಂಥ ವರ್ಷದ ಸಭೆ ಪುಸ್ತಕದ ಪ್ರತಿ, ಅಷ್ಟೇ ಕೇಳಿ.

ಅಧಿಕಾರಿಗಳು "ಇದು ಹೊರಗಿನ ದುಡ್ಡು, ನಿಮಗ್ಯಾಕೆ" ಅಂದರೆ ಉತ್ತರ ಸಿದ್ಧವಿರಲಿ. ಸಾಲ ಕೇಂದ್ರದ ಮೂಲಕ ಬಂದರೂ 2005ರಿಂದ ಈಚೆಗೆ ಬ್ಯಾಂಕಿನ ಷರತ್ತಿನಲ್ಲೇ ರಾಜ್ಯಕ್ಕೆ ದಾಟುತ್ತದೆ. ಡಾಲರ್ ಏರಿದರೆ ಅದರ ಹೊರೆಯೂ ರಾಜ್ಯದ ಮೇಲೆಯೇ. ಆ ಕಂತು ಕಟ್ಟುವ ತೆರಿಗೆಯಲ್ಲಿ ರೊಟ್ಟಿ ತಟ್ಟುವ ಅಕ್ಕನದ್ದೂ ಇದೆ.